ಕಾಮ್ ಮೂರೋ, ಕಾಮ್ ಏಳೋ?

ವಿಜ್ಞಾನ ಪ್ರದರ್ಶನಕ್ಕೆ ಇನ್ನೊಂದೇ ದಿನ ಉಳಿದಿರುತ್ತದೆ. ಗಿಡದ ಬುಡದ ಮಣ್ಣು ಒಣಗಿದರೆ ತಾನಾಗಿಯೇ ನೀರು ಹಾಯಿಸುವ ಯಂತ್ರವೊಂದನ್ನು ಒಂಬತ್ತನೆಯ ತರಗತಿಯ ಮಕ್ಕಳು ರಟ್ಟು, ಪೈಪು, ಪುಟ್ಟ ಮೋಟಾರು ಸೇರಿಸಿ ಕಟ್ಟಿ ನಿಲ್ಲಿಸಿರುತ್ತಾರೆ. ಅದರ ಮಿದುಳು ಅಂಗೈಯಗಲದ ನೀಲಿ ಹಲಗೆ. ಹೆಸರು ಆರ್ಡುಯಿನೊ. ನಿನ್ನೆಯವರೆಗೆ ಶಾಲೆಯ ಕಂಪ್ಯೂಟರಿನೊಂದಿಗೆ ಸಲೀಸಾಗಿ ಮಾತಾಡಿಕೊಂಡಿದ್ದ ಈ ಹಲಗೆಯನ್ನು ಮನೆಯ ಕಂಪ್ಯೂಟರಿಗೆ ಜೋಡಿಸಿದರೆ ದೀಪವೇನೋ ಹೊತ್ತಿಕೊಳ್ಳುತ್ತದೆ. ಬರೆದ ಪ್ರೋಗ್ರಾಂ ಮಾತ್ರ ಹಲಗೆಗೆ ಇಳಿಯಲೊಲ್ಲದು. ಪರದೆಯ ಕೆಳಭಾಗದಲ್ಲಿ ಕೆಂಪಕ್ಷರಗಳ ಸಾಲು. ಎರಡು ಸಲ, ಐದು ಸಲ, ಹತ್ತು ಸಲ. ರಾತ್ರಿ ಊಟದ ಹೊತ್ತಿಗೆ ಮನೆಯವರೆಲ್ಲ ಸೇರಿ ಒಂದು ತೀರ್ಮಾನಕ್ಕೆ ಬರುತ್ತಾರೆ: 'ಬೋರ್ಡು ಸುಟ್ಟುಹೋಗಿದೆ.' ಮರುದಿನ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅಪ್ಪ ಅಲ್ಲಿ ನಿಂತಿರುತ್ತಾರೆ.

ಹೊಸ ಬೋರ್ಡು ತಂದು ಚುಚ್ಚಿದರೆ ಅದೂ ಅದೇ ಕೆಂಪಕ್ಷರಗಳನ್ನು ಕಕ್ಕುತ್ತದೆ. ಈಗ ಅನುಮಾನ ಮಗುವಿನ ಮೇಲೆ ತಿರುಗುತ್ತದೆ. 'ಏನೋ ತಪ್ಪು ಜೋಡಿಸಿದ್ದೀಯ.' ಎಷ್ಟೋ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಎಂದರೆ ತಮ್ಮ ಕೈಗೆ ಒಗ್ಗದ ವಿದ್ಯೆ ಎನ್ನಿಸುವುದು ಇಂಥ ಹೊತ್ತಿನಲ್ಲಿಯೇ.

ಇಂಥ ಸಂದರ್ಭಗಳಲ್ಲಿ ಅನೇಕ ಸಲ ಬೋರ್ಡೂ ಸುಟ್ಟಿರುವುದಿಲ್ಲ, ಮಗುವೂ ತಪ್ಪು ಮಾಡಿರುವುದಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿ ಆ ಹಲಗೆ 'ಕಾಮ್ 3' ಎಂಬ ಬಾಗಿಲಲ್ಲಿ ನಿಂತಿತ್ತು. ಮನೆಯ ಕಂಪ್ಯೂಟರಿನಲ್ಲಿ ಅದು 'ಕಾಮ್ 7'ರಲ್ಲಿ ನಿಂತಿದೆ. ತಂತ್ರಾಂಶ ಮಾತ್ರ ಇನ್ನೂ ಮೂರನೆಯ ಬಾಗಿಲನ್ನೇ ಬಡಿಯುತ್ತಿದೆ. ಯಾರೂ ಇಲ್ಲದ ಮನೆಯ ಕದ ತಟ್ಟಿ 'ಒಳಗಿನವರು ಸತ್ತಿದ್ದಾರೆ' ಎಂದು ಸಾರಿದಂತಾಯಿತು.

ಏನಿದು ಸೀರಿಯಲ್?

ಪೋರ್ಟ್ ಎಂದರೆ ಬಂದರು. ಗಣಕದ ಮಟ್ಟಿಗೆ ಹೊರಗಿನ ಸಾಧನಗಳೊಡನೆ ಕೊಡುಕೊಳ್ಳುವ ಬಾಗಿಲು. ಸೀರಿಯಲ್ ಪೋರ್ಟಿಗೂ ಟಿವಿಯ ಸೀರಿಯಲ್ಲಿಗೂ ಒಂದೇ ಒಂದು ಹೋಲಿಕೆಯಿದೆ: ಎರಡರಲ್ಲೂ ಸರಕು ಬರುವುದು ಕಂತುಕಂತಾಗಿ. ಇಂಗ್ಲಿಷಿನ ದೊಡ್ಡ 'ಎ' ಅಕ್ಷರವನ್ನೇ ತೆಗೆದುಕೊಳ್ಳಿ. ಗಣಕದ ಲೆಕ್ಕದಲ್ಲಿ ಅದು 65, ಎಂದರೆ 01000001 ಎಂಬ ಎಂಟು ಬಿಟ್‌ಗಳು. ಇವು ಒಂದೇ ತಂತಿಯ ಮೇಲೆ ಒಂದರ ಹಿಂದೊಂದು, ಬಲತುದಿಯಿಂದ ಶುರುವಾಗಿ ಸಾಗುತ್ತವೆ. 'ಶುರುವಾಯಿತು' ಎನ್ನಲು ಮುಂದೊಂದು ಬಿಟ್, 'ಮುಗಿಯಿತು' ಎನ್ನಲು ಹಿಂದೊಂದು ಬಿಟ್. ಅಲ್ಲಿಗೆ ಒಂದು ಅಕ್ಷರಕ್ಕೆ ಹತ್ತು ಬಿಟ್. ಸೆಕೆಂಡಿಗೆ 9600 ಬಿಟ್ ವೇಗವಿದ್ದರೆ 960 ಅಕ್ಷರಗಳು. ಇಂದಿನ ಲೆಕ್ಕದಲ್ಲಿ ಇದು ಎತ್ತಿನಗಾಡಿಯೇ ಸರಿ. ಆದರೆ ಮಣ್ಣಿನ ತೇವ ಎಷ್ಟಿದೆ, ಕೋಣೆಯ ಉಷ್ಣತೆ ಎಷ್ಟಿದೆ ಎಂದು ಹೇಳಲು ಎತ್ತಿನಗಾಡಿ ಧಾರಾಳವಾಯಿತು. ತೂಕದ ಯಂತ್ರ, ಬಾರ್‌ಕೋಡ್ ಓದುವ ಸಾಧನ, ಜಿಪಿಎಸ್ ಗ್ರಾಹಕ, ಕಾಲೇಜು ಪ್ರಯೋಗಾಲಯದ ಅಳತೆಯ ಉಪಕರಣಗಳಲ್ಲಿ ಈ ಗಾಡಿ ಇವತ್ತಿಗೂ ಓಡುತ್ತಿರುವುದು ಅದಕ್ಕಾಗಿಯೇ.

ಈ ಪದ್ಧತಿಗೆ ಆರ್‌ಎಸ್-232 ಎಂಬ ಹೆಸರಿನಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘ 1960ರಲ್ಲಿ ನಿಯಮಗಳನ್ನು ರೂಪಿಸಿತು. ಮೇಜಿನ ಮೇಲಿಡುವ ಕಂಪ್ಯೂಟರು ಆಗಿನ್ನೂ ಹುಟ್ಟಿರಲಿಲ್ಲ. ದೂರದಲ್ಲಿರುವ ಟೆಲಿಪ್ರಿಂಟರು ಮತ್ತು ಮೋಡೆಮ್‌ಗಳಿಗಾಗಿ ಮಾಡಿದ ಏರ್ಪಾಡು ಅದು. ಮುಂದೆ 1981ರಲ್ಲಿ ಐಬಿಎಂ ಕಂಪನಿಯ ಪಿಸಿ ಬಂದಾಗ ಅದಕ್ಕೆ ಜೋಡಿಸುವ ಸೀರಿಯಲ್ ಕಾರ್ಡಿನ ಹಿಂದೆ 25 ಸೂಜಿಗಳ ಅಗಲವಾದ ಕೊಂಡಿ ಇತ್ತು. 1984ರ ಪಿಸಿ-ಎಟಿಯಲ್ಲಿ ಅದು ಒಂಬತ್ತು ಸೂಜಿಗೆ ಇಳಿಯಿತು. ಹಳೆಯ ಕಂಪ್ಯೂಟರುಗಳ ಬೆನ್ನಿನಲ್ಲಿ, ಇಂಗ್ಲಿಷಿನ 'ಡಿ' ಅಕ್ಷರವನ್ನು ಮಲಗಿಸಿದ ಹಾಗೆ ಕಾಣುವ ಕೊಂಡಿ ಅದೇ.

ಕಾಲಿಂಗ್ ಬೆಲ್ ಒಂದೇ, ಮನೆ ಎರಡು

ಆ ಕಾಲದಲ್ಲಿ ಬಾಗಿಲಿನ ಸಂಖ್ಯೆ ಸ್ಥಿರವಾದದ್ದು. ಕಾಮ್ 1 ಎಂದರೆ ಗಣಕದೊಳಗೆ 3ಎಫ್8 ಎಂಬ ವಿಳಾಸ, ಕಾಮ್ 2 ಎಂದರೆ 2ಎಫ್8. ಕಾರ್ಡಿನ ಮೇಲಿರುವ ಜಂಪರ್ ಎಂಬ ಗುಂಡಿಯಷ್ಟು ಚಿಕ್ಕ ಕೊಂಡಿಯನ್ನು ಚಿಮಟದಿಂದ ಎತ್ತಿ ಬೇರೆ ಸೂಜಿಗಳ ಮೇಲೆ ಕೂರಿಸಿದರೆ ಮಾತ್ರ ವಿಳಾಸ ಬದಲಾಗುತ್ತಿತ್ತು. ಯಾವ ಸಾಧನ ಯಾವ ಬಾಗಿಲಲ್ಲಿದೆ ಎಂದು ತಿಳಿಯಲು ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದರೆ ಮುಗಿಯಿತು.

ಹಾಗೆಂದು ಆಗ ಎಲ್ಲವೂ ಸುಖವಾಗಿತ್ತು ಎಂದು ತಿಳಿಯಬೇಕಾಗಿಲ್ಲ. ಮೂರನೆಯ ಮತ್ತು ನಾಲ್ಕನೆಯ ಬಾಗಿಲುಗಳನ್ನು ಆಮೇಲೆ ಸೇರಿಸಿದಾಗ ವಿಳಾಸಗಳೇನೋ ಬೇರೆಬೇರೆ ಸಿಕ್ಕವು. ಆದರೆ 'ನನ್ನ ಕಡೆ ನೋಡು' ಎಂದು ಪ್ರೊಸೆಸರನ್ನು ಕರೆಯುವ ಗಂಟೆ, ಐಆರ್‌ಕ್ಯೂ ಎಂಬುದು, ಸಾಲಲಿಲ್ಲ. ಕಾಮ್ 1 ಮತ್ತು ಕಾಮ್ 3ಕ್ಕೆ ನಾಲ್ಕನೆಯ ಗಂಟೆ, ಕಾಮ್ 2 ಮತ್ತು ಕಾಮ್ 4ಕ್ಕೆ ಮೂರನೆಯ ಗಂಟೆ. ಎರಡು ಮನೆಗಳಿಗೆ ಒಂದೇ ಕಾಲಿಂಗ್ ಬೆಲ್ ಇಟ್ಟಂತೆ. ಒಂದನೆಯ ಬಾಗಿಲಲ್ಲಿ ಮೌಸ್, ಮೂರನೆಯದರಲ್ಲಿ ಮೋಡೆಮ್ ಇಟ್ಟುಕೊಂಡವರ ಪಾಡು ಕೇಳುವುದೇ ಬೇಡ. ಮೋಡೆಮ್ ಡಯಲ್ ಮಾಡತೊಡಗಿದ ಕೂಡಲೇ ಪರದೆಯ ಮೇಲಿನ ಬಾಣ ಕಲ್ಲಾಗಿ ನಿಲ್ಲುತ್ತಿತ್ತು. ಭಾರತದಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಇಂಟರ್‌ನೆಟ್ಟನ್ನು ಸಾರ್ವಜನಿಕರಿಗೆ ತೆರೆದ ಮೇಲೆ ಟೆಲಿಫೋನ್ ತಂತಿಗೆ ಮೋಡೆಮ್ ಸಿಕ್ಕಿಸಿದ ಮನೆಗಳಲ್ಲಿ ಇಂಥ ತೊಡಕುಗಳು ಕಾಣಿಸಿಕೊಂಡವು. ಇಂದಿನ ಮಕ್ಕಳ ತಂದೆ ತಾಯಂದಿರಲ್ಲಿ ಕೆಲವರಿಗಾದರೂ ನೆನಪಿದ್ದೀತು.

ಆ ಕಾಲದ ಸಾಧನಗಳಿಗೆ ಒಂದು ಒಳ್ಳೆಯ ಗುಣವಿತ್ತು. ಕೇಳಿದರೆ ತಾವು ಯಾರೆಂದು ಹೇಳುತ್ತಿದ್ದವು. ಮೈಕ್ರೋಸಾಫ್ಟ್ ಮಾದರಿಯ ಸೀರಿಯಲ್ ಮೌಸ್ ತನಗೆ ಬೇಕಾದ ವಿದ್ಯುತ್ತನ್ನೂ ಪೋರ್ಟಿನ ಸಂಕೇತ ತಂತಿಗಳಿಂದಲೇ ಹೀರಿಕೊಳ್ಳುತ್ತಿತ್ತು. ಕಂಪ್ಯೂಟರು ಆ ತಂತಿಯನ್ನು ಒಮ್ಮೆ ಇಳಿಸಿ ಏರಿಸಿದರೆ ಮೌಸ್ ಎಚ್ಚೆತ್ತು 'ಎಂ' ಎಂಬ ಒಂದೇ ಅಕ್ಷರ ಕಳಿಸುತ್ತಿತ್ತು. ಯಾವ ಬಾಗಿಲಿನಿಂದ 'ಎಂ' ಬಂತೋ ಅಲ್ಲಿ ಮೌಸ್ ಇದೆ ಎಂದರ್ಥ. ಮೋಡೆಮ್ಮಿನದು ಇನ್ನೂ ಸುಲಭ. 'ಎಟಿ' ಎಂದು ಬರೆದು ಎಂಟರ್ ಒತ್ತಿದರೆ 'ಓಕೆ' ಎಂದು ಉತ್ತರಿಸುತ್ತಿತ್ತು. ಹಾಜರಿ ಕೂಗಿದರೆ 'ಬಂದಿದ್ದೇನೆ ಸಾರ್' ಎಂದ ಹಾಗೆ. ಹೇಯ್ಸ್ ಎಂಬ ಕಂಪನಿ 1981ರಲ್ಲಿ ತಂದ ಮೋಡೆಮ್ಮಿನ ಈ ಭಾಷೆ ಎಷ್ಟು ಗಟ್ಟಿಯಾಗಿ ಬೇರೂರಿತೆಂದರೆ, ಇಂದು ಮಕ್ಕಳ ಕಿಟ್‌ಗಳಲ್ಲಿ ಬರುವ ಜಿಎಸ್‌ಎಂ ಮಾಡ್ಯೂಲುಗಳೂ 'ಎಟಿ'ಗೆ 'ಓಕೆ' ಎನ್ನುತ್ತವೆ.

ಸಂಖ್ಯೆ ಬಾಗಿಲಿನದಲ್ಲ, ಅತಿಥಿಯದು

1996ರಲ್ಲಿ ಯುಎಸ್‌ಬಿ ಬಂತು. ನಿಧಾನವಾಗಿ ಒಂಬತ್ತು ಸೂಜಿಯ ಕೊಂಡಿ ಲ್ಯಾಪ್‌ಟಾಪುಗಳಿಂದ ಕಾಣೆಯಾಯಿತು. ಆದರೆ ಸೀರಿಯಲ್ ಮಾತು ಸಾಯಲಿಲ್ಲ. ಸಾಧನದ ಕಡೆಯ ಸೀರಿಯಲ್ ಮಾತನ್ನು ಯುಎಸ್‌ಬಿ ಭಾಷೆಗೆ ತಿರುಗಿಸುವ ದುಭಾಷಿ ಚಿಪ್‌ಗಳು ಹುಟ್ಟಿಕೊಂಡವು. ಎಫ್‌ಟಿಡಿಐ ಕಂಪನಿಯ ಎಫ್‌ಟಿ232, ಪ್ರೊಲಿಫಿಕ್‌ನ ಪಿಎಲ್2303, ಸಿಲಿಕಾನ್ ಲ್ಯಾಬ್ಸ್‌ನ ಸಿಪಿ2102, ಚೀನಾದ ಸಿಎಚ್340 ಇವು ಹೆಚ್ಚಾಗಿ ಸಿಗುವಂಥವು. ಇಟಲಿಯ ಇವ್ರಿಯಾ ಪಟ್ಟಣದಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗಾಗಿಯೇ ರೂಪುಗೊಂಡ ಆರ್ಡುಯಿನೊ ಬೋರ್ಡು ಜಗತ್ತಿನ ಶಾಲೆಗಳಿಗೆಲ್ಲ ಹಬ್ಬಲು ಇಂಥ ದುಭಾಷಿಗಳೂ ಕಾರಣ. ಮನೆಯ ಯಾವ ಕಂಪ್ಯೂಟರಿಗಾದರೂ ಒಂದು ತಂತಿಯಿಂದ ಅದನ್ನು ಜೋಡಿಸಬಹುದಾಯಿತು. ನಮ್ಮಲ್ಲಿ 2016ರಲ್ಲಿ ನೀತಿ ಆಯೋಗ ಆರಂಭಿಸಿದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಮೂಲಕ ಕರ್ನಾಟಕದ ಶಾಲೆಗಳಿಗೂ ಇಂಥ ಬೋರ್ಡುಗಳು ಬಂದಿವೆ. ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳು ಅವನ್ನು ಮುಟ್ಟಿ ನೋಡುತ್ತಿದ್ದಾರೆ.

ಇಲ್ಲಿ ಒಂದು ಮುಖ್ಯ ಬದಲಾವಣೆ ಆಯಿತು. ಹಳೆಯ ಕಾಲದಲ್ಲಿ ಸಂಖ್ಯೆ ಇದ್ದದ್ದು ಬಾಗಿಲಿಗೆ. ಈಗ ಸಂಖ್ಯೆ ಸಿಗುವುದು ಬಂದ ಅತಿಥಿಗೆ. ಯುಎಸ್‌ಬಿ ತೂತನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ಕಾಮ್ 3 ಹೌದೋ ಅಲ್ಲವೋ ತಿಳಿಯದು. ಏಕೆಂದರೆ ತಂತಿ ಚುಚ್ಚುವವರೆಗೆ ಅಲ್ಲಿ ಕಾಮ್ ಎಂಬುದೇ ಇರುವುದಿಲ್ಲ.

ಚುಚ್ಚಿದ ಕ್ಷಣದಲ್ಲಿ ನಡೆಯುವುದನ್ನು ಶಾಲೆಗೆ ಹೊಸ ಹುಡುಗ ಸೇರಿದಂತೆ ಎನ್ನಬಹುದು. ಗಣಕ ಮೊದಲು 'ಯಾರು ನೀನು?' ಎಂದು ಕೇಳುತ್ತದೆ. ಸಾಧನ ಎರಡು ಸಂಖ್ಯೆ ಹೇಳುತ್ತದೆ: ತಯಾರಕರದೊಂದು, ಉತ್ಪನ್ನದ್ದೊಂದು. ಸಿಎಚ್340 ಚಿಪ್ ಆದರೆ 1ಎ86 ಮತ್ತು 7523. ಆರ್ಡುಯಿನೊ ಕಂಪನಿಯದೇ ಬೋರ್ಡಾದರೆ ಮೊದಲ ಸಂಖ್ಯೆ 2341. ಇದನ್ನು ನೋಡಿ ಗಣಕ ತಕ್ಕ ಡ್ರೈವರನ್ನು ಹುಡುಕುತ್ತದೆ. ಆ ಡ್ರೈವರು ಒಂದು ಕಾಲ್ಪನಿಕ ಸೀರಿಯಲ್ ಬಾಗಿಲನ್ನು ತೆರೆಯುತ್ತದೆ. ಆಮೇಲೆ ವಿಂಡೋಸ್ ತನ್ನ ಹಾಜರಿ ಪುಸ್ತಕ ತೆಗೆದು, ಖಾಲಿ ಇರುವ ಮುಂದಿನ ಸಂಖ್ಯೆ ಬರೆಯುತ್ತದೆ. ಹಳೆಯ ಸಂಪ್ರದಾಯದಂತೆ 1 ಮತ್ತು 2ನ್ನು ಬಿಟ್ಟು, ಸಾಮಾನ್ಯವಾಗಿ 3ರಿಂದ ಮೇಲಕ್ಕೆ.

ಈ ಹಾಜರಿ ಪುಸ್ತಕದ ವಿಚಿತ್ರವೇನೆಂದರೆ, ಹುಡುಗ ಶಾಲೆ ಬಿಟ್ಟು ಹೋದರೂ ಅವನ ಕ್ರಮಸಂಖ್ಯೆಯನ್ನು ಇನ್ನೊಬ್ಬನಿಗೆ ಕೊಡುವುದಿಲ್ಲ. ಇಪ್ಪತ್ತು ಬೋರ್ಡುಗಳನ್ನು ಒಂದಾದ ಮೇಲೊಂದು ಚುಚ್ಚಿ ತೆಗೆಯುವ ಶಾಲೆಯ ಕಂಪ್ಯೂಟರಿನಲ್ಲಿ ಸಂಖ್ಯೆ ಇಪ್ಪತ್ತು, ಮೂವತ್ತು ದಾಟುವುದು ಇದರಿಂದಲೇ. ವಿಂಡೋಸ್‌ಗೆ 256ರವರೆಗೆ ಎಣಿಸಲು ಬರುತ್ತದಾದರೂ ಕೆಲವು ಹಳೆಯ ತಂತ್ರಾಂಶಗಳಿಗೆ 9ರ ಆಚೆ ಕಣ್ಣು ಕಾಣುವುದಿಲ್ಲ.

ಇನ್ನೊಂದು ತಿರುವು ಇದೆ. ಕೆಲವು ಚಿಪ್‌ಗಳಿಗೆ ಕಾರ್ಖಾನೆಯಲ್ಲೇ ಪ್ರತ್ಯೇಕವಾದ ಕ್ರಮಸಂಖ್ಯೆ ಬರೆದಿರುತ್ತಾರೆ. ಅಸಲಿ ಆರ್ಡುಯಿನೊ ಊನೊ ಇಂಥದು. ಅದನ್ನು ಅದೇ ಕಂಪ್ಯೂಟರಿನ ಎಡಬದಿಗೆ ಚುಚ್ಚಿ, ಬಲಬದಿಗೆ ಚುಚ್ಚಿ, ವಿಂಡೋಸ್ ಹೆಸರು ಹಿಡಿದು ಗುರುತಿಸಿ ಹಳೆಯ ಕಾಮ್ ಸಂಖ್ಯೆಯನ್ನೇ ಕೊಡುತ್ತದೆ. ಅಗ್ಗದ ಬೋರ್ಡುಗಳಲ್ಲಿರುವ ಸಿಎಚ್340ಕ್ಕೆ ಸಾಮಾನ್ಯವಾಗಿ ಇಂಥ ಹೆಸರಿರುವುದಿಲ್ಲ. ಆಗ ವಿಂಡೋಸ್ 'ಎರಡನೆಯ ಬೆಂಚಿನ ಹುಡುಗ' ಎಂದು ಕೂತ ಜಾಗದಿಂದ ಗುರುತಿಸುತ್ತದೆ. ಬೆಂಚು ಬದಲಾದರೆ ಸಂಖ್ಯೆಯೂ ಬದಲು. ನಿನ್ನೆ ಎಡಗಡೆ ಚುಚ್ಚಿದಾಗ ಕಾಮ್ 5, ಇವತ್ತು ಬಲಗಡೆ ಚುಚ್ಚಿದರೆ ಕಾಮ್ 6. ಬೋರ್ಡು ಅದೇ, ಕಂಪ್ಯೂಟರೂ ಅದೇ. ಪ್ರಯೋಗದ ಹಾಳೆಯಲ್ಲಿ 'ಕಾಮ್ 3ನ್ನು ಆರಿಸಿ' ಎಂದು ಅಚ್ಚು ಹಾಕಿಸಿ ಹಂಚುವ ಪದ್ಧತಿ ಕೆಲವೆಡೆ ಇದೆ. ಅದನ್ನು ಇವತ್ತೇ ನಿಲ್ಲಿಸಿದರೆ ಮಕ್ಕಳಿಗೆ ಉಪಕಾರವಾದೀತು.

ಕಿತ್ತು ನೋಡಿ

ಹಾಗಾದರೆ ಗುರುತಿಸುವುದು ಹೇಗೆ? ಎಲ್ಲಕ್ಕಿಂತ ನಂಬಿಕೆಯ ವಿಧಾನಕ್ಕೆ ಯಾವ ವಿದ್ಯೆಯೂ ಬೇಡ. ತಂತಿಯನ್ನು ಕಿತ್ತು, ಪಟ್ಟಿಯಿಂದ ಯಾವುದು ಮಾಯವಾಯಿತು ಎಂದು ನೋಡುವುದು.

ವಿಂಡೋಸ್‌ನಲ್ಲಿ ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೆ ಬರುವ ಪಟ್ಟಿಯಲ್ಲಿ ಡಿವೈಸ್ ಮ್ಯಾನೇಜರ್ ಇರುತ್ತದೆ. 1995ರ ವಿಂಡೋಸ್‌ನಿಂದಲೂ ಇರುವ ಹಳೆಯ ಸೇವಕ ಅದು. ತೆರೆದರೆ ಕಂಪ್ಯೂಟರಿನ ಅಂಗಾಂಗಗಳ ಉದ್ದನೆಯ ಪಟ್ಟಿ. ಅದರಲ್ಲಿ 'ಪೋರ್ಟ್ಸ್, ಕಾಮ್ ಅಂಡ್ ಎಲ್‌ಪಿಟಿ' ಎಂಬ ಸಾಲನ್ನು ಬಿಡಿಸಬೇಕು. ಪೋರ್ಟು ಒಂದೂ ಇಲ್ಲದ ಕಂಪ್ಯೂಟರಿನಲ್ಲಿ ಆ ಸಾಲೇ ಕಾಣುವುದಿಲ್ಲ. ಅದಕ್ಕೆ ಗಾಬರಿ ಬೇಡ. ಈಗ ಪಟ್ಟಿಯ ಮೇಲೆ ಕಣ್ಣಿಟ್ಟು ಬೋರ್ಡಿನ ತಂತಿ ಕೀಳಿ. ಪಟ್ಟಿ ಒಮ್ಮೆ ಮಿಟುಕಿ ಒಂದು ಹೆಸರು ಹೋಗುತ್ತದೆ. ಮತ್ತೆ ಚುಚ್ಚಿ. ಅದೇ ಹೆಸರು ಮರಳುತ್ತದೆ. ಹೋಗಿ ಬಂದದ್ದು ಯಾವುದೋ ಅದೇ ನಿಮ್ಮ ಬೋರ್ಡು. 'ಯುಎಸ್‌ಬಿ ಸೀರಿಯಲ್ ಸಿಎಚ್340, ಕಾಮ್ 7' ಎಂದಿದ್ದರೆ ಆರ್ಡುಯಿನೊ ತಂತ್ರಾಂಶದ ಟೂಲ್ಸ್ ಪಟ್ಟಿಗೆ ಹೋಗಿ ಪೋರ್ಟ್ ಎಂಬಲ್ಲಿ ಕಾಮ್ 7ನ್ನು ಆರಿಸಿದರಾಯಿತು.

ಹೆಸರು ನೋಡಿಯೇ ಊಹಿಸಬಹುದಲ್ಲ, ಕೀಳುವ ಗೋಜೇಕೆ ಎಂದು ಕೆಲವರು ಕೇಳಬಹುದು. ಹೆಸರುಗಳು ಮೋಸ ಮಾಡುತ್ತವೆ. ಬ್ಲೂಟೂತ್ ಹೆಡ್‌ಫೋನನ್ನು ಎಂದೋ ಜೋಡಿಸಿದ್ದರೆ, ಕೆಲವೊಮ್ಮೆ ಅದರ ಹೆಸರಿನಲ್ಲೂ ಒಂದೆರಡು ಕಾಮ್ ಬಾಗಿಲುಗಳು ಹುಟ್ಟಿ ಪಟ್ಟಿಯಲ್ಲಿ ಕೂತಿರುತ್ತವೆ. ಕಚೇರಿ ಬಳಕೆಯ ಕೆಲವು ಲ್ಯಾಪ್‌ಟಾಪುಗಳಲ್ಲಿ ದೂರದಿಂದ ರಿಪೇರಿ ಮಾಡಲೆಂದು ಇಂಟೆಲ್ ಇಟ್ಟ ಸೀರಿಯಲ್ ಬಾಗಿಲೊಂದು ಸದಾ ಇರುತ್ತದೆ, ಎಷ್ಟೋ ಸಲ ಕಾಮ್ 3 ಎಂಬ ಹೆಸರಿನಲ್ಲೇ. ಪಟ್ಟಿಯಲ್ಲಿ ಕಾಮ್ 3 ಒಂದೇ ಕಂಡಾಗ 'ಇದೇ ಇರಬೇಕು' ಎಂದು ಆರಿಸಿದವರು ಅರ್ಧ ದಿನ ಕಳೆದುಕೊಳ್ಳುವುದು ಹೀಗೆ. ತಂತಿ ಕಿತ್ತಾಗ ಇವು ಯಾವುವೂ ಅಲುಗುವುದಿಲ್ಲ. ಅಲುಗಿದ್ದು ಮಾತ್ರ ನಮ್ಮದು.

ಏನೂ ಮಾಯವಾಗದಿದ್ದರೆ?

ಕಿತ್ತರೂ ಚುಚ್ಚಿದರೂ ಪಟ್ಟಿ ಮಿಸುಕದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬೋರ್ಡನ್ನಲ್ಲ, ತಂತಿಯನ್ನು. ಮಾಮೂಲಿ ಯುಎಸ್‌ಬಿ 2 ತಂತಿಯೊಳಗೆ ನಾಲ್ಕು ಎಳೆಗಳಿರುತ್ತವೆ: ವಿದ್ಯುತ್ತಿಗೆ ಎರಡು, ಮಾಹಿತಿಗೆ ಎರಡು. ಫೋನ್ ಚಾರ್ಜ್ ಮಾಡಲೆಂದೇ ಮಾರುವ ಕೆಲವು ಅಗ್ಗದ ತಂತಿಗಳಲ್ಲಿ ಮಾಹಿತಿಯ ಎಳೆಗಳನ್ನೇ ಹಾಕಿರುವುದಿಲ್ಲ. ಬೋರ್ಡಿಗೆ ಐದು ವೋಲ್ಟ್ ಬರುತ್ತದೆ, ದೀಪ ಉರಿಯುತ್ತದೆ, ಹಿಂದೆ ಹಾಕಿದ್ದ ಪ್ರೋಗ್ರಾಂ ಓಡುತ್ತಲೂ ಇರುತ್ತದೆ. ಮಾತು ಮಾತ್ರ ಇಲ್ಲ. ದೀಪ ಉರಿಯುವುದೇ ಮನೆಯವರನ್ನು ದಾರಿ ತಪ್ಪಿಸುವುದು. 'ತಂತಿ ಸರಿಯಾಗಿದೆ, ಲೈಟ್ ಬರ್ತಿದೆಯಲ್ಲ' ಎಂಬ ವಾದಕ್ಕೆ ಬಲಿಯಾಗಿ ಮೂಲೆಗೆ ಬಿದ್ದ ಒಳ್ಳೆಯ ಬೋರ್ಡುಗಳು ಕಡಿಮೆಯೇನಲ್ಲ. ಫೋನಿನಿಂದ ಕಂಪ್ಯೂಟರಿಗೆ ಫೋಟೋ ಇಳಿಸಲು ಬಳಸಿ ಗೊತ್ತಿರುವ ತಂತಿ ಮನೆಯಲ್ಲಿದ್ದರೆ, ಅದರ ತುದಿ ಬೋರ್ಡಿಗೆ ಹೊಂದುವಂತಿದ್ದರೆ, ಅದನ್ನು ಹಾಕಿ ನೋಡುವುದು ಹೊಸ ಬೋರ್ಡು ತರುವುದಕ್ಕಿಂತ ಜಾಣತನ.

ತಂತಿ ಸರಿಯಿದ್ದು, ಚುಚ್ಚಿದಾಗ ಕಂಪ್ಯೂಟರು 'ಟಿಂಗ್' ಎಂದರೂ ಪೋರ್ಟ್ಸ್ ಸಾಲಿನಲ್ಲಿ ಏನೂ ಬರದಿದ್ದರೆ ಪಟ್ಟಿಯಲ್ಲಿ 'ಅದರ್ ಡಿವೈಸಸ್' ಎಂಬ ಕಡೆ ನೋಡಬೇಕು. ಹಳದಿ ತ್ರಿಕೋನದ ಗುರುತು ಹೊತ್ತು ಅಲ್ಲಿ ಯಾರಾದರೂ ಕೂತಿದ್ದರೆ ಡ್ರೈವರ್ ಇಲ್ಲವೆಂದು ಅರ್ಥ. ಬಂದವರ ಭಾಷೆ ಗಣಕಕ್ಕೆ ತಿಳಿಯುತ್ತಿಲ್ಲ. ಚಿಪ್ ತಯಾರಕರ ತಾಣದಿಂದ ಆ ಚಿಪ್‌ನ ಡ್ರೈವರ್ ಇಳಿಸಿಕೊಂಡು ಹಾಕಿದರೆ ಹಳದಿ ಗುರುತು ಹೋಗಿ ಕಾಮ್ ಸಂಖ್ಯೆ ಬರುತ್ತದೆ. ಚಿಪ್‌ನ ಹೆಸರು ಬೋರ್ಡಿನ ಮೇಲೆ, ಯುಎಸ್‌ಬಿ ಕೊಂಡಿಯ ಹತ್ತಿರದ ಕಪ್ಪು ಚೌಕದ ಮೇಲೆ ಸಣ್ಣಕ್ಷರಗಳಲ್ಲಿರುತ್ತದೆ. ಭೂತಗನ್ನಡಿ ಬೇಕಾದೀತು. ಫೋನಿನ ಕ್ಯಾಮೆರಾದಲ್ಲಿ ಚಿತ್ರ ತೆಗೆದು ಹಿಗ್ಗಿಸಿ ನೋಡುವುದು ಇನ್ನೂ ಸುಲಭ.

ಡ್ರೈವರಿನ ವಿಷಯದಲ್ಲಿ ಒಂದು ಘಟನೆ ನೆನೆಯುವಂಥದು. ಎಫ್‌ಟಿಡಿಐ ಕಂಪನಿಯ ಚಿಪ್‌ಗಳ ನಕಲುಗಳು ಮಾರುಕಟ್ಟೆಯಲ್ಲಿ ತುಂಬಿದ್ದವು. 2014ರ ಅಕ್ಟೋಬರಿನಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಆ ಕಂಪನಿಯ ಹೊಸ ಡ್ರೈವರು ನಕಲಿ ಚಿಪ್ ಸಿಕ್ಕರೆ ಅದರ ಉತ್ಪನ್ನ ಸಂಖ್ಯೆಯನ್ನೇ ಸೊನ್ನೆಯಾಗಿ ತಿದ್ದಿಬಿಡುತ್ತಿತ್ತು. ಹಾಗೆ ತಿದ್ದಿಸಿಕೊಂಡ ಬೋರ್ಡು ತಾನು ಯಾರೆಂದು ಹೇಳಲಾರದೆ ಪಟ್ಟಿಯಿಂದ ಮಾಯ. ಬೇರೆ ಕಂಪ್ಯೂಟರಿಗೆ ಹಾಕಿದರೂ ಅದೇ ಗತಿ. ತಮ್ಮ ಬೋರ್ಡಿನಲ್ಲಿರುವುದು ನಕಲಿ ಚಿಪ್ ಎಂಬುದೇ ಗೊತ್ತಿಲ್ಲದೆ ಕೊಂಡವರಿಗೆ ಬಿದ್ದ ಪೆಟ್ಟು ಇದು. ಭಾರೀ ಟೀಕೆ ಬಂದ ಮೇಲೆ ಆ ಡ್ರೈವರನ್ನು ಹಿಂತೆಗೆದುಕೊಂಡರು. ನಕಲು ಮಾಡಿದವನನ್ನು ಬಿಟ್ಟು ಕೊಂಡವನನ್ನು ಶಿಕ್ಷಿಸುವುದು ಯಾವ ನ್ಯಾಯವೋ!

ಕೆಂಪಕ್ಷರ ಓದುವ ಬಗೆ

ಕೆಂಪಕ್ಷರ ಕಂಡ ಕೂಡಲೇ ಕಿಟಕಿ ಮುಚ್ಚುವುದು ದೊಡ್ಡವರಿಗೂ ಇರುವ ಚಾಳಿ. ಓದಿದರೆ ಅದರಲ್ಲೇ ಉತ್ತರವಿರುತ್ತದೆ. ಊನೊ ಬೋರ್ಡಿನ ಮಟ್ಟಿಗೆ ಮೂರು ಬಗೆಯ ದೂರುಗಳನ್ನು ಬೇರೆಬೇರೆಯಾಗಿ ನೋಡಬೇಕು. 'ಅಂಥ ಫೈಲ್ ಸಿಗುತ್ತಿಲ್ಲ' ಎಂದರೆ ಆರಿಸಿದ ಸಂಖ್ಯೆಯ ಬಾಗಿಲೇ ಈಗ ಇಲ್ಲ. ತಂತಿ ಬಿಟ್ಟುಕೊಂಡಿದೆ, ಇಲ್ಲವೇ ಸಂಖ್ಯೆ ಬದಲಾಗಿದೆ. 'ಆಕ್ಸೆಸ್ ಡಿನೈಡ್', ಪ್ರವೇಶವಿಲ್ಲ, ಎಂದರೆ ಬಾಗಿಲು ಇದೆ, ಒಳಗೆ ಇನ್ಯಾರೋ ಕೂತು ಚಿಲಕ ಹಾಕಿಕೊಂಡಿದ್ದಾರೆ. ವಿಂಡೋಸ್‌ನಲ್ಲಿ ಒಂದು ಸೀರಿಯಲ್ ಬಾಗಿಲನ್ನು ಒಂದು ಹೊತ್ತಿಗೆ ಒಂದೇ ತಂತ್ರಾಂಶ ಬಳಸಬಹುದು. ಇನ್ನೊಂದು ಕಿಟಕಿಯಲ್ಲಿ ತೆರೆದು ಮರೆತ ಸೀರಿಯಲ್ ಮಾನಿಟರನ್ನು ಮುಚ್ಚಿದರೆ ಸರಿಹೋಗುತ್ತದೆ. ಮೂರನೆಯದು 'ನಾಟ್ ಇನ್ ಸಿಂಕ್' ಎಂಬ ದೂರು. ಬಾಗಿಲು ತೆರೆಯಿತು, ಒಳಗಿನಿಂದ ತಕ್ಕ ಉತ್ತರ ಬರಲಿಲ್ಲ. ಆಗ ತಪ್ಪು ಸಾಧನದ ಬಾಗಿಲು ತಟ್ಟಿರಬಹುದು, ಇಲ್ಲವೇ ಪಟ್ಟಿಯಲ್ಲಿ ಬೋರ್ಡಿನ ಜಾತಿಯನ್ನೇ ತಪ್ಪಾಗಿ ಆರಿಸಿರಬಹುದು. ಬೋರ್ಡು ನಿಜವಾಗಿ ಕೆಟ್ಟಿರುವ ಸಾಧ್ಯತೆಯನ್ನು ಯೋಚಿಸಬೇಕಾದದ್ದು ಈ ಮೂರನೆಯದರಲ್ಲಿ, ಅದೂ ಕೊನೆಗೆ.

ಸೀರಿಯಲ್ ಮಾನಿಟರಿನಲ್ಲಿ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಸುರಿದರೆ ಮಕ್ಕಳು ತಪ್ಪು ಪೋರ್ಟ್ ಎಂದುಕೊಂಡು ಬದಲಿಸಹೊರಡುತ್ತಾರೆ. ಬೇಡ. ಚಿಹ್ನೆ ಬರುತ್ತಿದೆಯೆಂದರೆ ಆ ತುದಿಯಲ್ಲಿ ಯಾರೋ ಮಾತಾಡುತ್ತಿದ್ದಾರೆ, ವೇಗ ಮಾತ್ರ ಹೊಂದುತ್ತಿಲ್ಲ. ಬೋರ್ಡು 9600ರ ವೇಗದಲ್ಲಿ ಹೇಳುತ್ತಿದ್ದು ಗಣಕ 115200ರ ವೇಗದಲ್ಲಿ ಕೇಳುತ್ತಿದ್ದರೆ ಹಾಗಾಗುತ್ತದೆ. ಪ್ರೋಗ್ರಾಮಿನಲ್ಲಿ ಬರೆದ ವೇಗವನ್ನೇ ಮಾನಿಟರಿನಲ್ಲೂ ಆರಿಸಿದರೆ ಚಿಹ್ನೆಗಳು ಅಕ್ಷರಗಳಾಗುತ್ತವೆ.

ಒಂದೇ ಬಗೆಯ ಎರಡು ಊನೊ ಬೋರ್ಡುಗಳು ಒಟ್ಟಿಗೆ ಜೋಡಣೆಯಾಗಿದ್ದು, ಯಾವುದು 5, ಯಾವುದು 6 ಎಂಬ ಗೊಂದಲವಾದರೆ? ಕಿತ್ತು ನೋಡುವ ಉಪಾಯ ಇಲ್ಲೂ ನಡೆಯುತ್ತದೆ. ಪ್ರಯೋಗ ಓಡುತ್ತಿರುವಾಗ ತಂತಿ ಕೀಳಲು ಮನಸ್ಸಿಲ್ಲದಿದ್ದರೆ ಇನ್ನೊಂದು ದಾರಿಯಿದೆ. ಸೀರಿಯಲ್ ಮಾನಿಟರ್ ತೆರೆದ ಕ್ಷಣ ಗಣಕ ಒಂದು ಸಂಕೇತ ತಂತಿಯನ್ನು ಅಲುಗಿಸುತ್ತದೆ. ಊನೊ ಅದನ್ನು ಕಂಡು ತನ್ನನ್ನು ತಾನೇ ಮೊದಲಿನಿಂದ ಆರಂಭಿಸಿಕೊಂಡು 'ಎಲ್' ಎಂಬ ಅಕ್ಷರದ ಪಕ್ಕದ ಪುಟ್ಟ ದೀಪವನ್ನು ಪಟಪಟ ಮಿಟುಕಿಸುತ್ತದೆ. ಕಾಮ್ 5ನ್ನು ತೆರೆದಾಗ ಯಾವ ಬೋರ್ಡಿನ ದೀಪ ಮಿಟುಕಿತೋ ಅದೇ ಕಾಮ್ 5. ಹಳೆಯ ಮೌಸ್ 'ಎಂ' ಎನ್ನುತ್ತಿದ್ದುದಕ್ಕೂ ಇದಕ್ಕೂ ದೂರದ ನೆಂಟಸ್ತಿಕೆಯಿದೆ. ತಂತಿ ಅಲುಗಿಸಿದರೆ ಎಚ್ಚರವಾಗುವುದು ಎರಡರಲ್ಲೂ ಒಂದೇ. ಇಲ್ಲಿ ನೆನಪಿಡಬೇಕಾದದ್ದು, ಹೀಗೆ ಮಾಡಿದಾಗ ಓಡುತ್ತಿದ್ದ ಪ್ರಯೋಗ ಮೊದಲಿನಿಂದ ಶುರುವಾಗುತ್ತದೆ ಎಂಬುದು.

2012ರಲ್ಲಿ ಬಂದ ಲಿಯೊನಾರ್ಡೊ ಎಂಬ ಬೋರ್ಡಿನದು ಮಾತ್ರ ಬೇರೆ ರೀತಿ. ಪ್ರೋಗ್ರಾಂ ಇಳಿಸುವ ಹೊತ್ತಿಗೆ ಕೆಲವು ಸೆಕೆಂಡು ಅದು ಇನ್ನೊಂದು ಕಾಮ್ ಸಂಖ್ಯೆಯಲ್ಲಿ ಕಾಣಿಸಿಕೊಂಡು ಮತ್ತೆ ಮೊದಲಿನ ಸಂಖ್ಯೆಗೆ ಮರಳುತ್ತದೆ. ಪಟ್ಟಿಯಲ್ಲಿ ಹೆಸರು ಕುಣಿದಾಡಿದರೆ ಅದು ರೋಗವಲ್ಲ, ಅದರ ಸ್ವಭಾವ.

ಸಂಖ್ಯೆ ತೀರಾ ಮೇಲೇರಿದ್ದು ಹಳೆಯ ತಂತ್ರಾಂಶ ಅದನ್ನು ಒಪ್ಪದಿದ್ದರೆ ಬದಲಿಸಲೂಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಬೋರ್ಡಿನ ಪ್ರಾಪರ್ಟೀಸ್ ತೆರೆದು ಪೋರ್ಟ್ ಸೆಟ್ಟಿಂಗ್ಸ್, ಅದರೊಳಗೆ ಅಡ್ವಾನ್ಸ್ಡ್ ಎಂಬಲ್ಲಿಗೆ ಹೋದರೆ ಸಂಖ್ಯೆಗಳ ಪಟ್ಟಿಯಿದೆ. ಹಲವು ಸಂಖ್ಯೆಗಳ ಮುಂದೆ 'ಇನ್ ಯೂಸ್' ಎಂದಿರುತ್ತದೆ. ಅವುಗಳಲ್ಲಿ ಎಷ್ಟೋ ಎಂದೋ ಶಾಲೆ ಬಿಟ್ಟ ಹುಡುಗರ ಕ್ರಮಸಂಖ್ಯೆಗಳು. ವ್ಯೂ ಪಟ್ಟಿಯಲ್ಲಿ 'ಶೋ ಹಿಡನ್ ಡಿವೈಸಸ್' ಒತ್ತಿದರೆ ಇಂಥ ಹಳಬರೆಲ್ಲ ಮಸುಕು ಬಣ್ಣದಲ್ಲಿ ಕಾಣುತ್ತಾರೆ. ಬೇಡದವರನ್ನು ಅಲ್ಲೇ ತೆಗೆದುಹಾಕಬಹುದು. ಶಾಲೆಯ ಪ್ರಯೋಗಾಲಯದಲ್ಲಿ ವರ್ಷಕ್ಕೊಮ್ಮೆ, ಬೇಸಿಗೆ ರಜೆಯಲ್ಲಿ ಮಾಡಿಸಬಹುದಾದ ಕೆಲಸ ಇದು.

ವಿಂಡೋಸ್ ಇಲ್ಲದ ಮನೆಯಲ್ಲಿ

ಮ್ಯಾಕ್ ಕಂಪ್ಯೂಟರಿನಲ್ಲಿ ಕಾಮ್ ಎಂಬ ಹೆಸರಿಲ್ಲ. ಅಲ್ಲಿ ಆರ್ಡುಯಿನೊ ತಂತ್ರಾಂಶದ ಪಟ್ಟಿಯಲ್ಲಿ 'ಯುಎಸ್‌ಬಿಮೋಡೆಮ್' ಅಥವಾ 'ಯುಎಸ್‌ಬಿಸೀರಿಯಲ್' ಎಂಬ ಪದವಿರುವ ಹೆಸರನ್ನು ಹುಡುಕಬೇಕು. ಮೋಡೆಮ್ ಎಂದು ಕಂಡು ಬೆರಗಾಗಬೇಕಿಲ್ಲ. ಊನೊ ತನ್ನನ್ನು ಮೋಡೆಮ್ಮಿನ ವರ್ಗಕ್ಕೇ ಸೇರಿಸಿಕೊಂಡು ಪರಿಚಯ ಹೇಳಿಕೊಳ್ಳುತ್ತದೆ, ಅಷ್ಟೇ.

ಲಿನಕ್ಸ್‌ನಲ್ಲಿ, ಶಾಲೆಗಳಲ್ಲಿ ಬಳಸುವ ಉಬುಂಟುವೂ ಸೇರಿದಂತೆ, ಹೆಸರುಗಳು 'ಟಿಟಿವೈ' ಎಂದು ಆರಂಭವಾಗುತ್ತವೆ. ಟೆಲಿಟೈಪ್‌ರೈಟರ್ ಎಂಬುದರ ಸಂಕ್ಷೇಪ ಅದು. ಯಂತ್ರ ಮ್ಯೂಸಿಯಂ ಸೇರಿದರೂ ಹೆಸರು ಉಳಿದಿದೆ. ಊನೊ ಆದರೆ 'ಟಿಟಿವೈಎಸಿಎಂ 0', ಸಿಎಚ್340 ಇರುವ ಬೋರ್ಡಾದರೆ 'ಟಿಟಿವೈಯುಎಸ್‌ಬಿ 0'. ಇಲ್ಲಿ ಹಾಜರಿ ಪುಸ್ತಕದ ಕಟ್ಟುನಿಟ್ಟಿಲ್ಲ. ಮೊದಲು ಬಂದವರಿಗೆ 0, ಆಮೇಲೆ ಬಂದವರಿಗೆ 1. ನಾಳೆ ಚುಚ್ಚುವ ಕ್ರಮ ಅದಲುಬದಲಾದರೆ ಸಂಖ್ಯೆಯೂ ಅದಲುಬದಲು. ಚುಚ್ಚಿದ ಮೇಲೆ ಟರ್ಮಿನಲ್ಲಿನಲ್ಲಿ 'ಡಿಮೆಸೇಜ್' ಎಂಬ ಆಜ್ಞೆ ಕೊಟ್ಟರೆ (ಬರೆಯುವಾಗ 'ಡಿ'ಯ ನಂತರ 'ಎಂಇಎಸ್‌ಜಿ' ಎಂಬ ನಾಲ್ಕೇ ಅಕ್ಷರ), ಇದೀಗ ಬಂದವರು ಯಾರು, ಅವರಿಗೆ ಕೊಟ್ಟ ಹೆಸರೇನು ಎಂಬುದು ಕೊನೆಯ ಸಾಲುಗಳಲ್ಲಿ ಕಾಣುತ್ತದೆ. ಹೆಸರು ಕಂಡರೂ 'ಅನುಮತಿಯಿಲ್ಲ' ಎಂದರೆ ಬಳಕೆದಾರರನ್ನು 'ಡಯಲ್‌ಔಟ್' ಎಂಬ ಗುಂಪಿಗೆ ಸೇರಿಸಿ ಒಮ್ಮೆ ಲಾಗ್‌ಔಟ್ ಆಗಿ ಬರಬೇಕು. ಮೋಡೆಮ್ಮಿನಿಂದ ಫೋನ್ ಮಾಡಲು ಯಾರಿಗೆ ಹಕ್ಕಿದೆ ಎಂದು ಲೆಕ್ಕವಿಡುತ್ತಿದ್ದ ಕಾಲದ ಗುಂಪು ಅದು.

ಉಬುಂಟುವಿನ 2022ರ ಆವೃತ್ತಿಯಲ್ಲಿ ಇನ್ನೊಂದು ವಿಚಿತ್ರ ಅನೇಕರನ್ನು ಕಾಡಿತು. ಸಿಎಚ್340 ಇರುವ ಬೋರ್ಡನ್ನು ಚುಚ್ಚಿದರೆ 'ಟಿಟಿವೈಯುಎಸ್‌ಬಿ 0' ಒಂದು ಕ್ಷಣ ಬಂದು ಅಲ್ಲೇ ಮಾಯವಾಗುತ್ತಿತ್ತು. ಕಾರಣ, ಅಂಧರಿಗಾಗಿ ಬ್ರೈಲ್ ಫಲಕಗಳನ್ನು ನಡೆಸುವ 'ಬಿಆರ್‌ಎಲ್‌ಟಿಟಿವೈ' ಎಂಬ ತಂತ್ರಾಂಶ. ಒಂದು ಬಗೆಯ ಬ್ರೈಲ್ ಸಾಧನದೊಳಗೂ ಇದೇ ಚಿಪ್ ಇದೆ. ಅದೂ ತನ್ನ ಪರಿಚಯವನ್ನು 1ಎ86, 7523 ಎಂದೇ ಹೇಳುತ್ತದೆ. ಹಾಗಾಗಿ ಆ ತಂತ್ರಾಂಶ ಮಕ್ಕಳ ಬೋರ್ಡನ್ನು ತನ್ನ ಬ್ರೈಲ್ ಫಲಕವೆಂದೇ ತಿಳಿದು ಕೈಹಿಡಿದು ಕರೆದೊಯ್ಯುತ್ತಿತ್ತು. ಅದರ ತಪ್ಪೂ ಇಲ್ಲ. ಗುರುತಿನ ಚೀಟಿಯಲ್ಲಿ ಇಬ್ಬರದೂ ಒಂದೇ ಸಂಖ್ಯೆ. ಮನೆಯಲ್ಲಿ ಬ್ರೈಲ್ ಫಲಕ ಬಳಸುವವರು ಯಾರೂ ಇಲ್ಲದಿದ್ದರೆ ಆ ತಂತ್ರಾಂಶವನ್ನು ತೆಗೆದು, ತಂತಿಯನ್ನು ಒಮ್ಮೆ ಕಿತ್ತು ಮತ್ತೆ ಚುಚ್ಚಿದರೆ, ಬೋರ್ಡು ಪಟ್ಟಿಯಲ್ಲಿ ನಿಲ್ಲುತ್ತದೆ.